ಗೇಟು ಬಿಟ್ಟ ವಾರ, ಅಮ್ಮನ ಜೊತೆ ಜೋಗಕ್ಕೆ

ನನ್ನ ಅಮ್ಮ ಹುಟ್ಟಿದ ಮನೆಯಿಂದ ಬೆಳಿಗ್ಗೆ ಗಂಜಿ ಉಂಡು ಹೊರಟರೆ ಮಧ್ಯಾಹ್ನದ ಹೊತ್ತಿಗೆ ನಡೆದೇ ಜೋಗ ಮುಟ್ಟಬಹುದಿತ್ತಂತೆ. ಆದರೂ ಅಮ್ಮ 68 ವರ್ಷ ತುಂಬುವವರೆಗೆ ಜೋಗ ನೋಡಿರಲಿಲ್ಲ. ಚಿಕ್ಕವಳಿದ್ದಾಗ, ಅಷ್ಟು ದೂರ ನಡೆಯಲಾರಳು ಅಂತ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದರು. ನಡೆಯುವಷ್ಟು ದೊಡ್ಡವಳಾಗುವ ಹೊತ್ತಿಗೆ ಊರೇ ಇರಲಿಲ್ಲ. ಲಿಂಗನಮಕ್ಕಿಯ ನೀರು ಬಂದಿತ್ತು.

ನಮ್ಮದು ಮುಳುಗಡೆ ಕುಟುಂಬ. ಸಾಗರದ ಕಡೆಯವರಿಗೆ ಈ ಶಬ್ದ ವಿವರಿಸಬೇಕಿಲ್ಲ. ಬೇರೆ ಕಡೆಯವರಿಗೆ ಹೇಳುವುದಾದರೆ, ಶರಾವತಿಗೆ ಅಣೆಕಟ್ಟು ಕಟ್ಟಿದಾಗ ಮನೆ, ಗದ್ದೆ, ತೋಟ ಎಲ್ಲ ನೀರಿನಡಿಗೆ ಹೋದವರು ನಾವು. ಅಮ್ಮನಿಗೆ ಆಗ ಏಳು ವರ್ಷ. ಲಾರಿಯ ಮೇಲೆ ಅಕ್ಕಿ ಮೂಟೆ, ತಾಮ್ರದ ಹಂಡೆ, ಎರಡು ಹಸು, ಒಂದು ಕರು, ಅಜ್ಜಿ, ಮಕ್ಕಳು. ಶಿವಮೊಗ್ಗದ ಹತ್ತಿರ ಕಾಡಿನ ನಡುವೆ ಇಳಿಸಿದರಂತೆ. ಅಲ್ಲಿಂದ ಮುಂದಿನದು ಬೇರೆಯೇ ಕಥೆ.

ನಾನು ಮಾತ್ರ ಜೋಗಕ್ಕೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಮೊದಲ ಸಲ ಹೋಗಿದ್ದು ಎಂಟನೇ ಕ್ಲಾಸಿನಲ್ಲಿ, ಶಾಲೆಯ ಪ್ರವಾಸಕ್ಕೆ. ಜುಲೈ ತಿಂಗಳು. ಎರಡು ಗಂಟೆ ಕಾದರೂ ಮಂಜು ಸರಿಯಲಿಲ್ಲ. ಎದುರಿಗೆ ಬಿಳಿ ಗೋಡೆ, ಅದರ ಹಿಂದೆ ಎಲ್ಲೋ ಭೋರ್ ಅನ್ನುವ ಸದ್ದು. ಬಿಸಿ ಶೇಂಗಾ ತಿಂದು ವಾಪಸ್ ಬಂದೆವು. ಮನೆಗೆ ಬಂದು ಅಮ್ಮನಿಗೆ ಹೇಳಿದೆ, ‘ಏನೂ ಕಾಣಲೇ ಇಲ್ಲ, ಬರೀ ಸದ್ದು’ ಅಂತ. ಅಮ್ಮ ಒಲೆಯ ಮುಂದೆ ಕೂತಿದ್ದಳು. ತಿರುಗಿ ನನ್ನ ಮುಖ ನೋಡಿ, ‘ಹೆಂಗಿತ್ತು ಸದ್ದು?’ ಅಂತ ಕೇಳಿದಳು. ಯಾವ ಮಕ್ಕಳಿಗೂ ಯಾರೂ ಆ ಪ್ರಶ್ನೆ ಕೇಳಿರಲಿಕ್ಕಿಲ್ಲ. ಆಗ ನನಗೆ ಉತ್ತರ ಗೊತ್ತಾಗಲಿಲ್ಲ.

ಆ ಪ್ರಶ್ನೆಯ ಹಿಂದಿನ ಕಥೆ ಹೇಳಿದ್ದು ಸೋದರಮಾವ. ಅಮ್ಮನಿಗಿಂತ ಹತ್ತು ವರ್ಷ ದೊಡ್ಡವರು. ಊರು ಬಿಡುವಾಗ 17ರ ಹುಡುಗ. ಮಳೆಗಾಲದಲ್ಲಿ ಕಾಡುಹಂದಿ ಕಾಯಲು ಗದ್ದೆಯ ಮಾಳದಲ್ಲಿ ಮಲಗಿದಾಗ, ಮಳೆ ಸ್ವಲ್ಪ ಹೊಳವಾದ ರಾತ್ರಿ ಜೋಗದ ಮೊರೆತ ಕೇಳುತ್ತಿತ್ತಂತೆ. ಗಾಳಿ ಆ ಕಡೆಯಿಂದ ಬೀಸಬೇಕು ಅಷ್ಟೇ. ಮನೆಯೊಳಗೆ ಮಲಗಿದ ಮಕ್ಕಳಿಗೂ ಕೇಳುತ್ತಿತ್ತು. ‘ನಿನ್ನ ಅಮ್ಮ ಹೆದರಿ ಅಳ್ತಿದ್ಲು. ಜೋಗ ಕಣೆ, ಎಂತದೂ ಮಾಡಲ್ಲ, ಮಲ್ಕೋ ಅಂತ ಅಜ್ಜಿ ತಟ್ಟಿ ಮಲಗಿಸ್ತಿತ್ತು.’

ಅಂದರೆ ಅಮ್ಮ ಜೋಗವನ್ನು ನೋಡಿರಲಿಲ್ಲ, ಕೇಳಿದ್ದಳು.

ಪ್ರವಾಸಕ್ಕೆ ಹೋಗುವವರಿಗೆ ಜೋಗದ ಬಗ್ಗೆ ಹೇಳಬೇಕಾದ್ದು ಒಂದಿಷ್ಟು ಇದೆ. ಮೊದಲು ಅದನ್ನು ಹೇಳುತ್ತೇನೆ.

ಶರಾವತಿ ಉದ್ದದ ನದಿಯಲ್ಲ. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರುವವರೆಗೆ 128 ಕಿಲೋಮೀಟರ್. ಸೀತೆಗೆ ಬಾಯಾರಿದಾಗ ರಾಮ ನೆಲಕ್ಕೆ ಅಂಬು ಹೂಡಿದ, ಆ ಶರದಿಂದ ಹುಟ್ಟಿದವಳು ಶರಾವತಿ ಅನ್ನುವುದು ನಮ್ಮ ಕಡೆಯ ನಂಬಿಕೆ. ಈ ಪುಟ್ಟ ನದಿ ಘಟ್ಟದ ಮೇಲೆ ಹರಿದು ಹರಿದು, ಒಂದು ಕಡೆ ನೆಲವೇ ಮುಗಿದುಹೋದ ಹಾಗೆ ಒಂದೇ ಏಟಿಗೆ 253 ಮೀಟರ್ ಕೆಳಗೆ ಧುಮುಕುತ್ತದೆ. ಹಳೆಯ ಲೆಕ್ಕದಲ್ಲಿ 830 ಅಡಿ. ಬೀಳುವ ಜಾಗಕ್ಕೆ ನಮ್ಮ ಜನ ಜೋಗದ ಗುಂಡಿ ಅನ್ನುತ್ತಾರೆ. ಇಂಗ್ಲಿಷರ ಕಾಲದ ಪುಸ್ತಕಗಳಲ್ಲಿ ಇದು ಗೇರುಸೊಪ್ಪೆ ಜಲಪಾತ.

ಶಿವಮೊಗ್ಗ ಜಿಲ್ಲೆಯ ಕಡೆ ನಿಂತು ನೋಡಿದರೆ ಎಡಗಡೆಯಿಂದ ಸಾಲಾಗಿ ನಾಲ್ಕು ಕವಲು. ರಾಜಾ, ರೋರರ್, ರಾಕೆಟ್, ರಾಣಿ. ರಾಜಾ ಬಂಡೆಗೆ ತಾಗದೆ ಕಂಬದ ಹಾಗೆ ನೇರ ಇಳಿಯುತ್ತಾನೆ. ರೋರರ್ ಬಂಡೆಯ ಸಂದಿಯಲ್ಲಿ ಓರೆಯಾಗಿ ನುಗ್ಗಿ, ಅರ್ಧ ದಾರಿಯಲ್ಲಿ ರಾಜಾನನ್ನು ಸೇರಿಕೊಳ್ಳುತ್ತದೆ. ಆ ಮೊರೆತದಲ್ಲಿ ದೊಡ್ಡ ಪಾಲು ಇದರದ್ದೇ. ರಾಕೆಟ್ ಬಾಣ ಬಿಟ್ಟ ಹಾಗೆ ಚಿಮ್ಮಿ ಚಿಮ್ಮಿ ಬೀಳುತ್ತದೆ. ರಾಣಿ ಮಾತ್ರ ಅವಸರವಿಲ್ಲದೆ ಬಂಡೆಯ ಮೈಮೇಲೆ ನೊರೆ ಹಾಸಿಕೊಂಡು ಜಾರುತ್ತಾಳೆ. ಒಂದು ಕಾಲದಲ್ಲಿ ಬಿಳಿಯರು ಇವಳನ್ನು ‘ಡಾಮ್ ಬ್ಲಾಂಶ್’ ಅಂತ ಕರೆದಿದ್ದರು. ಬಿಳಿ ಹೆಂಗಸು ಅಂತ ಅರ್ಥ. ನನಗೆ ರಾಣಿ ಅನ್ನುವ ಹೆಸರೇ ಚೆಂದ ಅನಿಸುತ್ತದೆ.

ಎದುರು ದಡ ಉತ್ತರ ಕನ್ನಡ ಜಿಲ್ಲೆ, ಸಿದ್ದಾಪುರ ತಾಲೂಕು. ಏಕೀಕರಣಕ್ಕೆ ಮುಂಚೆ ಈ ದಡ ಮೈಸೂರು ಸಂಸ್ಥಾನ, ಆ ದಡ ಮುಂಬೈ ಪ್ರಾಂತ್ಯ. ಹಾಗಾಗಿ ಈ ಕಡೆ ಮೈಸೂರು ಬಂಗಲೆ, ಆ ಕಡೆ ಬಾಂಬೆ ಬಂಗಲೆ ಅಂತ ಹೆಸರು ಉಳಿದಿವೆ. ಆ ದಡದಲ್ಲಿ ರಾಜಾ ಬೀಳುವ ಅಂಚಿನ ಕಲ್ಲಿನ ಮೇಲೆ ಹಿಂದಿನ ಕಾಲದ ಪ್ರವಾಸಿಗರು ಬೋರಲಾಗಿ ಮಲಗಿ, ತಲೆಯನ್ನಷ್ಟೇ ಚಾಚಿ ಕೆಳಗೆ ಬಗ್ಗಿ ನೋಡುತ್ತಿದ್ದರಂತೆ. ಓದುವಾಗಲೇ ನನ್ನ ಅಂಗಾಲು ಜುಂ ಅಂದಿತ್ತು. ದಯವಿಟ್ಟು ಯಾರೂ ಅಂಥ ಸಾಹಸಕ್ಕೆ ಹೋಗಬೇಡಿ. ಪಾಚಿ ಕಟ್ಟಿದ ಕಲ್ಲಿಗೆ ಕರುಣೆ ಇಲ್ಲ. ಫೋಟೋಗೆ ಅಂತ ಬೇಲಿ ದಾಟುವವರನ್ನು ನೋಡಿದಾಗಲೆಲ್ಲ ಅವರ ಮನೆಯವರ ನೆನಪಾಗಿ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಕಣಿವೆಯ ತಳಕ್ಕೆ ಇಳಿಯಲು ಸುಮಾರು 1400 ಮೆಟ್ಟಿಲು. ಮಳೆಗಾಲದಲ್ಲಿ ಬಿಡುವುದಿಲ್ಲ. ನಾನು ಇಳಿದಿದ್ದು ಒಂದು ಡಿಸೆಂಬರ್‌ನಲ್ಲಿ. ಇಳಿಯುವಾಗ ಸುಲಭ, ಹತ್ತುವಾಗ ಮೊಣಕಾಲು ಮಾತಾಡುತ್ತದೆ. ಆದರೆ ತಳದಲ್ಲಿ ನಿಂತು ಕತ್ತೆತ್ತಿ ನೋಡುವುದಿದೆಯಲ್ಲ, ಅದಕ್ಕೆ ಸಮ ಇನ್ನೊಂದಿಲ್ಲ. ಮೇಲಿಂದ ನೋಡುವಾಗ ನೀರು ಬೀಳುತ್ತದೆ. ಕೆಳಗಿಂದ ನೋಡುವಾಗ ನೀರು ಅಂಚಿನಲ್ಲಿ ಒಂದು ಕ್ಷಣ ನಿಲ್ಲುತ್ತದೆ, ಆಮೇಲೆ ಬಿಡಿ ಬಿಡಿ ಗೊಂಚಲಾಗಿ ನಿಧಾನವಾಗಿ ಇಳಿದು ಬರುತ್ತದೆ. ನೆಲ ಮುಟ್ಟುವ ಮುಂಚೆಯೇ ಅರ್ಧ ಹೊಗೆಯಾಗಿರುತ್ತದೆ. ಬಂಡೆಯ ಬಿರುಕುಗಳಲ್ಲಿ ಗೂಡು ಕಟ್ಟಿದ ಹಕ್ಕಿಗಳು ಆ ಹೊಗೆಯೊಳಗೆ ಸುಂಯ್ ಅಂತ ನುಗ್ಗಿ ಮಾಯವಾಗುತ್ತವೆ. ಒದ್ದೆ ಕಲ್ಲಿನ ಮೇಲೆ ಒಂದು ಗಂಟೆ ಕೂತಿದ್ದೆ. ಒಬ್ಬರೊಂದಿಗೂ ಮಾತಾಡಬೇಕು ಅನಿಸಲಿಲ್ಲ.

ಫೆಬ್ರವರಿ, ಮಾರ್ಚ್‌ನಲ್ಲಿ ಬರುವವರ ಮಾತೇ ಬೇರೆ. ಕಾರು ಇಳಿದು, ಕಟಕಟೆಗೆ ಬಂದು, ಕಪ್ಪು ಬಂಡೆಯ ಮೇಲೆ ದಾರದಂಥ ಎರಡು ಗೆರೆ ನೋಡಿ, ‘ಇಷ್ಟೇನಾ?’ ಅನ್ನುತ್ತಾರೆ. ಬೆಂಗಳೂರಿನಿಂದ 400 ಕಿಲೋಮೀಟರ್ ಬಂದವರಿಗೆ ಬೇಜಾರಾಗುವುದು ಸಹಜ. ಆದರೆ ಆ ‘ಇಷ್ಟೇನಾ’ಗೆ ಒಂದು ಉತ್ತರ ಇದೆ. ಅದು ಅಲ್ಲೇ, ಕಣಿವೆಯ ಇನ್ನೊಂದು ಬದಿಯಲ್ಲಿ ಕಾಣುತ್ತದೆ. ಗುಡ್ಡದ ಮೈಮೇಲೆ ಮೇಲಿಂದ ಕೆಳಗಿನವರೆಗೆ ಇಳಿಬಿಟ್ಟ ದಪ್ಪ ಪೈಪುಗಳು, ತಳದಲ್ಲಿ ಒಂದು ಕಟ್ಟಡ. ಮಹಾತ್ಮ ಗಾಂಧಿ ಜಲವಿದ್ಯುತ್ ಕೇಂದ್ರ. ಕೆಲಸ ಶುರುವಾಗಿದ್ದು 1939ರಲ್ಲಿ, ಕೃಷ್ಣರಾಜ ಒಡೆಯರ ಕಾಲದಲ್ಲಿ. ಕರೆಂಟು ಹುಟ್ಟಿದ್ದು 1948ರಲ್ಲಿ. ಮೊದಲು ರಾಜರ ಹೆಸರಿತ್ತು, ಆಮೇಲೆ ಗಾಂಧಿಯವರ ಹೆಸರಿಟ್ಟರು.

ನೀರು ಈಗಲೂ ಬೀಳುತ್ತಿದೆ. ಪೈಪಿನೊಳಗೆ ಬೀಳುತ್ತಿದೆ, ಅದಕ್ಕೇ ನಮಗೆ ಕಾಣುವುದಿಲ್ಲ. ಜೋಗದಿಂದ ಸುಮಾರು ಆರು ಕಿಲೋಮೀಟರ್ ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇದೆ. 1964ರಲ್ಲಿ ಮುಗಿದದ್ದು. 151 ಟಿಎಂಸಿ ನೀರು ಹಿಡಿಯುತ್ತದೆ. ಅಲ್ಲಿನ ಬಹುಪಾಲು ನೀರು ಜೋಗದ ಕಡೆ ತಿರುಗಿಯೂ ನೋಡುವುದಿಲ್ಲ. ಕಾಲುವೆಯಲ್ಲಿ ತಲಕಳಲೆಗೆ ಹೋಗಿ, ಅಲ್ಲಿಂದ ಗುಡ್ಡದೊಳಗಿನ ದಾರಿ ಹಿಡಿದು, ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸುತ್ತದೆ. 1035 ಮೆಗಾವ್ಯಾಟ್. ಜೋಗದ್ದು 139, ಲಿಂಗನಮಕ್ಕಿಯ ಬುಡದ್ದು 55, ಕೆಳಗೆ ಗೇರುಸೊಪ್ಪೆಯಲ್ಲಿ 240. ಎಲ್ಲ ಸೇರಿ 1469 ಮೆಗಾವ್ಯಾಟ್, ಒಂದೇ ಸಣ್ಣ ನದಿಯಿಂದ. ನಾಲ್ಕೈದು ದಶಕ ಈ ರಾಜ್ಯದ ದೀಪ, ಕಾರ್ಖಾನೆ, ಪಂಪ್‌ಸೆಟ್ಟು ಇದರ ಮೇಲೆ ನಡೆದಿವೆ. ನಾನು ಬೆಂಗಳೂರಿನಲ್ಲಿ ಕೂತು ಓದಿದ್ದು, ಕೆಲಸ ಮಾಡಿದ್ದು ಅದೇ ಬೆಳಕಿನಲ್ಲಿ. ಅದನ್ನು ಮರೆತು ಅಣೆಕಟ್ಟನ್ನು ಬೈಯುವುದು ನನ್ನಿಂದ ಆಗುವುದಿಲ್ಲ.

ಆದರೆ ಇನ್ನೊಂದನ್ನೂ ಮರೆಯಲಾರೆ. ಮುಳುಗಡೆಯವರನ್ನು ತಂದು ಇಳಿಸಿದ ನಮ್ಮ ಹೊಸ ಊರಿಗೆ ಕರೆಂಟು ಬಂದಾಗ ನಾನು ನಾಲ್ಕನೇ ಕ್ಲಾಸು. ಅಲ್ಲಿಯವರೆಗೆ ಸೀಮೆಎಣ್ಣೆ ಬುಡ್ಡಿ. ಮೊದಲ ದಿನ ಬಲ್ಬು ಹೊತ್ತಿದಾಗ ಊರೆಲ್ಲ ಕೂಗಿ ಕುಣಿದಿತ್ತು. ಅಜ್ಜಿ ಮಾತ್ರ ಬಲ್ಬಿನ ಕೆಳಗೆ ಬಂದು, ಸೆರಗು ಮುಂದೆ ಮಾಡಿಕೊಂಡು, ಕೈ ಮುಗಿದು ನಿಂತಿತ್ತು. ದೇವರ ಮುಂದೆ ನಿಂತ ಹಾಗೆ. ಯಾಕಜ್ಜಿ ಅಂದರೆ, ‘ನಮ್ಮ ಹೊಳೆ ಅಲ್ದಾ ಬಂದದ್ದು’ ಅಂತು.

2023ರಲ್ಲಿ ಮಳೆ ಕೈಕೊಟ್ಟಿತ್ತು. ಮರುವರ್ಷದ ಬೇಸಿಗೆಗೆ ಲಿಂಗನಮಕ್ಕಿಯ ಹಿನ್ನೀರು ತುಂಬಾ ಕೆಳಗೆ ಇಳಿದಿತ್ತು. 2024ರ ಏಪ್ರಿಲ್‌ನಲ್ಲಿ ಮಾವನೇ ಫೋನ್ ಮಾಡಿದರು. ‘ಮಡೆನೂರು ಡ್ಯಾಮ್ ಮೇಲೆ ಬಂದೈತಂತೆ. ಒಂದ್ಸಲ ಕರ್ಕಂಡು ಹೋಗು ಮಾರಾಯ್ತಿ. ಇನ್ನೊಂದು ಬರಗಾಲದವರೆಗೆ ನಾನು ಇರ್ತೀನೋ ಇಲ್ವೋ.’

ಮಡೆನೂರು ಡ್ಯಾಮಿನ ಕಥೆ ನಮ್ಮ ಕಡೆಯ ಮಕ್ಕಳಿಗೆ ಮಾತ್ರ ಗೊತ್ತು. ಎಲ್ಲರಿಗೂ ಗೊತ್ತಾಗಬೇಕು. ಜೋಗದ ಮೊದಲ ವಿದ್ಯುತ್ ಕೇಂದ್ರಕ್ಕೆ ನೀರು ಹಿಡಿದಿಡಲು ಕಟ್ಟಿದ್ದು ಇದೇ. ಹಿರೇಭಾಸ್ಕರ ಅಣೆಕಟ್ಟು ಅಂತ ಪುಸ್ತಕದ ಹೆಸರು. 1948ರದ್ದು. ಹದಿನಾರೇ ವರ್ಷ ಕೆಲಸ ಮಾಡಿತು. ಲಿಂಗನಮಕ್ಕಿ ತುಂಬಿದಾಗ ಅದೂ ಮುಳುಗಿತು. ಒಂದು ಅಣೆಕಟ್ಟು ಇನ್ನೊಂದು ಅಣೆಕಟ್ಟಿನ ನೀರಲ್ಲಿ ಮುಳುಗಿ ಕೂತಿದೆ. ನೀರು ಬಹಳ ಇಳಿದ ಬೇಸಿಗೆಯಲ್ಲಿ ಮೇಲೆ ಬಂದು ಉಸಿರು ಬಿಟ್ಟು, ಮಳೆಗಾಲಕ್ಕೆ ಮತ್ತೆ ಒಳಗೆ ಹೋಗುತ್ತದೆ.

ಆ ದಾರಿ ನನಗೆ ಮರೆಯುವುದಿಲ್ಲ. ಒಣಗಿ ಬಿರಿದ ಕೆಸರು. ಕೆಂಪು ಬಯಲು. ಅರವತ್ತು ವರ್ಷ ನೀರಿನಲ್ಲಿ ನಿಂತೂ ಕೊಳೆಯದ ಮರದ ಬೊಡ್ಡೆಗಳು, ಕಪ್ಪಗೆ, ಸಾಲು ಸಾಲು. ನಡುವೆ ಯಾರದ್ದೋ ಬಾವಿ, ಜಂಬಿಟ್ಟಿಗೆ ಕಲ್ಲಿನ ಕಟ್ಟೆ ಹಾಗೇ ಇದೆ. ಮಾವ ಅದರ ಹತ್ತಿರ ನಿಂತು ಒಳಗೆ ಬಗ್ಗಿ ನೋಡಿದರು. ಹೂಳು ತುಂಬಿತ್ತು. ‘ಇದು ಬ್ಯಾಸಿಗೇಲೂ ಬತ್ತದ ಬಾವಿ ಇದ್ದಿರಬೇಕು, ಕಟ್ಟೆ ನೋಡು ಎಷ್ಟು ಅಗಲ’ ಅಂದರು. ಆ ಮನೆಯವರು ಯಾರು, ಎಲ್ಲಿಗೆ ಹೋದರು ಅವರಿಗೂ ಗೊತ್ತಿರಲಿಲ್ಲ.

ಡ್ಯಾಮಿನ ಗೋಡೆ ಮಾತ್ರ ಇವತ್ತು ಕಟ್ಟಿದಷ್ಟು ಗಟ್ಟಿ. ಅದರ ಸೈಫನ್‌ಗಳ ಮುಂದೆ ಎಂಜಿನಿಯರಿಂಗ್ ಓದುವ ಹುಡುಗರ ಗುಂಪೊಂದು ನಿಂತಿತ್ತು. ಗೇಟೇ ಇಲ್ಲ, ನೀರು ಒಂದು ಮಟ್ಟಕ್ಕೆ ಏರಿದ ಕೂಡಲೇ ತಾನೇ ಎಳೆದುಕೊಂಡು ಹೊರಗೆ ಚೆಲ್ಲುವ ಏರ್ಪಾಡು. ಗಣೇಶ ಅಯ್ಯರ್ ಅನ್ನುವ ನಮ್ಮ ಮೈಸೂರಿನ ಎಂಜಿನಿಯರ್ ರೂಪಿಸಿದ್ದು. ಆ ಹುಡುಗರು ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಒಳ್ಳೆಯ ಕೆಲಸ ನೀರಿನಡಿಯಲ್ಲಿದ್ದರೂ ಒಳ್ಳೆಯದೇ. ನನಗೆ ಹೆಮ್ಮೆ ಅನಿಸಿತು. ಹೆಮ್ಮೆ ಮತ್ತು ದುಃಖ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಈ ನದಿಯ ಮಕ್ಕಳಿಗೆ ರೂಢಿಯಾಗಿದೆ.

ಅಮ್ಮ ಗೋಡೆಯ ಮೇಲೆ ಕೂತು ನೀರನ್ನೇ ನೋಡುತ್ತಿದ್ದಳು. ನಮ್ಮ ಊರು ಎಲ್ಲಿ ಅಂತ ಕೇಳಿದಳು. ಮಾವ ದೂರದ ಗುಡ್ಡಗಳ ಕಡೆ ಕೈ ತೋರಿಸಿದರು. ‘ಆ ಕಡೆ. ಲಿಂಗನಮಕ್ಕಿ ಡ್ಯಾಮಿನ ಹತ್ರ. ಅಲ್ಲಿ ಆಳ ಜಾಸ್ತಿ.’

‘ನಮ್ಮದು ಮೇಲೆ ಬರೋದೇ ಇಲ್ವಾ ಹಂಗಾದ್ರೆ?’

‘ಇಲ್ಲ. ಎಷ್ಟು ಬರ ಬಿದ್ರೂ ಬರಲ್ಲ.’

ಅಮ್ಮ ತಲೆ ಆಡಿಸಿದಳು. ಬೇರೆಯವರ ಬಾವಿ ಕಟ್ಟೆಯಿಂದ ಒಂದು ಸಣ್ಣ ಕೆಂಪು ಕಲ್ಲಿನ ಚೂರು ತಂದಿದ್ದಳು. ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ವಾಪಸ್ ಬರುವಾಗ ಜೋಗ ಹಾದು ಹೋಗೋಣ ಅಂದೆ. ಮಾವ ಹೂಂ ಅಂದರು. ಅಮ್ಮ ಕಾರಿನಿಂದ ಇಳಿಯಲಿಲ್ಲ. ‘ನೀರಿಲ್ದಿದ್ದನ್ನ ಎಂತಕ್ಕೆ ನೋಡದು. ನೀವು ಹೋಗ್ ಬನ್ನಿ.’ ನಾನು, ಮಾವ ಹೋಗಿ ನಿಂತೆವು. ಬಂಡೆಯ ಗೋಡೆ ಪೂರ್ತಿ ತೆರೆದು ನಿಂತಿತ್ತು. ಮಳೆಗಾಲದಲ್ಲಿ ಕಾಣದ ಪದರ, ಬಿರುಕು, ಹಸಿರು ಹಳದಿ ಪಾಚಿಯ ಗೆರೆ ಎಲ್ಲ ಸ್ಪಷ್ಟ. ಹಕ್ಕಿಗಳು ಬಿಟ್ಟರೆ ಸದ್ದೇ ಇಲ್ಲ. ಮಾವ ಕಿವಿಗೆ ಕೈ ಅಡ್ಡ ಹಿಡಿದು ಸ್ವಲ್ಪ ಹೊತ್ತು ನಿಂತರು. ಕಿವಿ ಸ್ವಲ್ಪ ಮಂದ ಅವರಿಗೆ. ‘ಕೇಳ್ತಿಲ್ಲ, ಅಲ್ದಾ?’ ಅಂದರು. ‘ಇಲ್ಲ ಮಾವ, ನನಗೂ ಕೇಳ್ತಿಲ್ಲ’ ಅಂದೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ಜೋಗಕ್ಕೆ ಬಂದವರು ಒಂದು ದಿನ ಜಾಸ್ತಿ ಇಟ್ಟುಕೊಂಡು ಸಿದ್ದಾಪುರದ ಕಡೆ ಹೋಗಿ ಉಂಚಳ್ಳಿ ಜಲಪಾತ ನೋಡಿ. ಹೆಗ್ಗರಣೆಯ ಹತ್ತಿರ. ಅಘನಾಶಿನಿ ನದಿ ಅಲ್ಲಿ 116 ಮೀಟರ್ ಧುಮುಕುತ್ತದೆ. ಎತ್ತರದಲ್ಲಿ ಜೋಗದ ಅರ್ಧವೂ ಇಲ್ಲ. ಆದರೆ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಮಳೆ ಎಷ್ಟು ಕೊಟ್ಟಿತೋ ಅಷ್ಟೂ ನೀರು ಬೀಳುತ್ತದೆ. ಸುತ್ತಲಿನ ಜನ ಅದನ್ನು ಕೆಪ್ಪ ಜೋಗ ಅನ್ನುತ್ತಾರೆ. ಹತ್ತಿರ ನಿಂತವರ ಕಿವಿ ಕೆಪ್ಪಾಗುವಷ್ಟು ಸದ್ದು ಅಂತ. ಮಳೆಗಾಲದಲ್ಲಿ ಅಲ್ಲಿ ನಿಂತಾಗ ನನಗೆ ಹೊಳೆದದ್ದು ಇಷ್ಟು: ಅಜ್ಜಿಯ ಕಾಲದ ಜೋಗ ಹೇಗೆ ಸದ್ದು ಮಾಡುತ್ತಿತ್ತು ಅಂತ ತಿಳಿಯಬೇಕಾದರೆ ಈಗ ಜೋಗಕ್ಕಿಂತ ಇಲ್ಲಿಗೆ ಬರಬೇಕು. ಉಂಬಳ, ಅಂದರೆ ಜಿಗಣೆ, ಕಾಲಿಗೆ ಹತ್ತುತ್ತವೆ, ಉಪ್ಪೋ ಸುಣ್ಣವೋ ಇಟ್ಟುಕೊಳ್ಳಿ.

ಅದೇ ವರ್ಷ ಮಳೆ ಸಾಲ ತೀರಿಸಿತು. ಜೂನ್‌ನಲ್ಲಿ ಹಿಡಿದದ್ದು ಜುಲೈ ಪೂರ್ತಿ ಬಿಡಲಿಲ್ಲ. ಮಲೆನಾಡಿನಲ್ಲಿ ಹಗಲು ರಾತ್ರಿ ಒಂದಾಯಿತು. ಅಡಿಕೆಗೆ ಕೊಳೆರೋಗ, ಔಷಧ ಹೊಡೆಯಲು ಎರಡು ದಿನ ಬಿಸಿಲಿಲ್ಲ ಅಂತ ಊರಿನವರ ಗೋಳು. ಲಿಂಗನಮಕ್ಕಿಯ ಮಟ್ಟ ದಿನ ದಿನವೂ ವಾಟ್ಸಾಪ್‌ನಲ್ಲಿ ಬರುತ್ತಿತ್ತು. ಅಣೆಕಟ್ಟಿನ ಪೂರ್ಣ ಮಟ್ಟ 1819 ಅಡಿ. ಅದರ ಹತ್ತಿರ ಬಂದರೆ ಗೇಟು ತೆಗೆಯುತ್ತಾರೆ. ಎಲ್ಲ ವರ್ಷ ಬರುವುದಿಲ್ಲ. ಆಗಸ್ಟ್ ಮೊದಲ ದಿನ ಗೇಟು ತೆಗೆದರು.

ನಾನು ಅಮ್ಮನಿಗೆ ಫೋನ್ ಮಾಡಿ, ‘ಅಮ್ಮ, ಈಗ ನೀರಿದೆ’ ಅಂದೆ. ಅಷ್ಟೇ ಹೇಳಿದ್ದು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಯಾವಾಗ ಬರ್ತೀಯ?’ ಅಂದಳು.

ಶನಿವಾರ, ಭಾನುವಾರ ಹೋಗಬೇಡಿ. ಗೇಟು ತೆಗೆದ ಸುದ್ದಿ ಬಂದರೆ ಅರ್ಧ ಕರ್ನಾಟಕ ಅಲ್ಲಿರುತ್ತದೆ, ರಸ್ತೆಯ ಮೇಲೆಯೇ ದಿನ ಮುಗಿಯುತ್ತದೆ. ನಾವು ಹೋಗಿದ್ದು ವಾರದ ನಡುವೆ. ನಾನು ರಾತ್ರಿ ರೈಲಿಗೆ ಶಿವಮೊಗ್ಗಕ್ಕೆ ಬಂದೆ. ಕಾರು ಬೇಡ ಅನ್ನುವವರಿಗೆ ಅದೇ ರೈಲು ತಾಳಗುಪ್ಪದವರೆಗೆ ಹೋಗುತ್ತದೆ, ಅಲ್ಲಿಂದ ಜೋಗ ಹತ್ತಿರ. ಮಾವನಿಗೆ ಮಂಡಿ ನೋವು ಹೆಚ್ಚಾಗಿತ್ತು, ಮಳೆಯಲ್ಲಿ ಬರುವುದಿಲ್ಲ ಅಂದರು. ಅಮ್ಮ ಒಬ್ಬಳೇ ಹೊರಟಳು. ಸ್ವೆಟರ್, ತಲೆಗೆ ಸ್ಕಾರ್ಫ್, ಕೈಯಲ್ಲಿ ಹೊಸ ಕೊಡೆ. ಬುತ್ತಿಗೆ ಚಪಾತಿ, ಕಳಲೆ ಪಲ್ಯ. ಮದುವೆಗೆ ಹೊರಟವಳ ಹಾಗೆ ಹಿಂದಿನ ರಾತ್ರಿಯೇ ಎಲ್ಲ ಜೋಡಿಸಿಟ್ಟಿದ್ದಳು.

ಸಾಗರ ದಾಟಿದ ಮೇಲೆ ಮಾತು ಕಡಿಮೆಯಾಯಿತು. ಗದ್ದೆಯಲ್ಲಿ ನಾಟಿ ಮುಗಿದಿತ್ತು. ಕಾರು ನಿಲ್ಲಿಸಿ ಬಾಗಿಲು ತೆಗೆದ ಕೂಡಲೇ ಸದ್ದು ಬಂತು. ಇನ್ನೂ ಏನೂ ಕಂಡಿರಲಿಲ್ಲ. ಅಂಗಡಿಗಳ ಸಾಲು, ಜೋಳ ಸುಡುವ ಹೊಗೆ, ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡ ಜನ. ಇಷ್ಟೆಲ್ಲದರ ಕೆಳಗೆ, ನೆಲದೊಳಗಿನಿಂದ ಬಂದ ಹಾಗೆ ಗುಡುಗುಡು. ಕಾಲಿನಲ್ಲೇ ಗೊತ್ತಾಗುತ್ತಿತ್ತು. ಅಮ್ಮ ಒಂದು ಕಾಲು ಕೆಳಗಿಟ್ಟವಳು ಹಾಗೇ ಕೂತಳು. ಕಾರಿನ ಬಾಗಿಲು ಹಿಡಿದು ತಲೆ ಬಗ್ಗಿಸಿ ಕೇಳಿದಳು.

ಕಟಕಟೆಗೆ ಹೋದರೆ ಮಂಜು. ಎಂಟನೇ ಕ್ಲಾಸಿನ ಅದೇ ಬಿಳಿ ಗೋಡೆ. ಜನ ಅರ್ಧ ಗಂಟೆ ಕಾದು, ಮಂಜಿನ ಮುಂದೆಯೇ ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಮಳೆಗಾಲದಲ್ಲಿ ಜೋಗ ನೋಡುವವರಿಗೆ ನಾನು ಹೇಳುವುದು ಒಂದೇ, ಅವಸರ ಮಾಡಬೇಡಿ. ಇಡೀ ದಿನ ಅಲ್ಲೇ ಇರುವ ಹಾಗೆ ಬನ್ನಿ. ಮಂಜು ಯಾವ ಹೊತ್ತಿನಲ್ಲಿ ಎಲ್ಲಿಂದ ಹರಿಯುತ್ತದೋ ಹೇಳಲು ಬರುವುದಿಲ್ಲ. ಗಾಳಿ ಒಂದು ಸಲ ತಿರುಗಿದರೆ ಸಾಕು. ನಾವು ಬುತ್ತಿ ಬಿಚ್ಚಿ ಉಂಡೆವು. ಪಕ್ಕದಲ್ಲಿ ವಿಜಯಪುರದ ಕಡೆಯ ಒಂದು ಕುಟುಂಬ ನಿಂತಿತ್ತು. ಅವರ ಅಜ್ಜ ಅಮ್ಮನನ್ನು ‘ನಿಮ್ಮದು ಇದೇ ಕಡೀನ್ರೀ, ತಾಯಿ?’ ಅಂತ ಕೇಳಿದರು. ಅಮ್ಮ ಒಂದು ಕ್ಷಣ ಯೋಚಿಸಿ, ‘ಹೌದು, ಇಲ್ಲೇ ಮೇಲೆ’ ಅಂದಳು. ಅಮ್ಮ ಹಾಗೆ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಯಾರು ಕೇಳಿದರೂ ಇಷ್ಟು ವರ್ಷ ಶಿವಮೊಗ್ಗದ ಹತ್ತಿರ ಅನ್ನುತ್ತಿದ್ದಳು.

ಎರಡೂವರೆ ಹೊತ್ತಿಗೆ ಮಂಜು ಸರಿಯಿತು. ಯಾರೋ ಓ ಅಂತ ಕೂಗಿದರು. ಆಮೇಲೆ ಎಲ್ಲರೂ ಕೂಗಿದರು.

ರಾಜಾ ಯಾವುದು, ರಾಣಿ ಯಾವುದು ಹೇಳುವ ಹಾಗಿರಲಿಲ್ಲ. ನಾಲ್ಕು ಕವಲೂ ಒಂದಾಗಿ, ಬಂಡೆಯ ಅಂಚಿನುದ್ದಕ್ಕೂ ಕೆಂಪು ಮಿಶ್ರಿತ ಬಿಳಿ ನೀರು ಮುರಿದು ಬೀಳುತ್ತಿತ್ತು. ಕೆಳಗಿನ ಗುಂಡಿ ಕಾಣಲೇ ಇಲ್ಲ. ಅಲ್ಲಿಂದ ಹೊಗೆ ಎದ್ದು ಬಂದು, ಮೇಲಿದ್ದ ನಮ್ಮ ಮುಖಕ್ಕೆ ಮಳೆಯಾಗಿ ಹೊಡೆಯುತ್ತಿತ್ತು. ಕೆಳಗಿನಿಂದ ಮೇಲಕ್ಕೆ ಬೀಳುವ ಮಳೆ. ಕೊಡೆ ಏನೂ ಪ್ರಯೋಜನಕ್ಕೆ ಬರಲಿಲ್ಲ. ವಿಜಯಪುರದ ಅಜ್ಜ ಟೋಪಿ ತೆಗೆದು ಕೈ ಮುಗಿದರು. ಬಯಲುಸೀಮೆಯವರು ನೀರಿಗೆ ಕೈ ಮುಗಿಯುವುದನ್ನು ನೋಡಿದರೆ ನನಗೆ ಗಂಟಲು ಕಟ್ಟುತ್ತದೆ. ಅವರಿಗೆ ಅದರ ಬೆಲೆ ನಮಗಿಂತ ಚೆನ್ನಾಗಿ ಗೊತ್ತು.

ಅಮ್ಮ ಬೀಳುವ ನೀರನ್ನು ನೋಡುತ್ತಿರಲಿಲ್ಲ. ಬೀಳುವ ಮುಂಚಿನ ನೀರನ್ನು ನೋಡುತ್ತಿದ್ದಳು. ಅಂಚಿನ ಹಿಂದೆ, ಬಂಡೆಗಳ ನಡುವೆ ನದಿ ಬರುತ್ತಿದ್ದ ದಾರಿ. ನನ್ನ ಕಡೆ ತಿರುಗಿ ಕಿವಿಯ ಹತ್ತಿರ ಕೂಗಿ ಕೇಳಿದಳು:

‘ಇದು ಡ್ಯಾಮಿಂದ ಬಿಟ್ಟಿದ್ದಾ?’

‘ಹೂಂ.’

‘ಹಂಗಾದ್ರೆ ನಮ್ಮ ಮನೆ ಮೇಲಿಂದ ಬಂದ ನೀರು.’

ನಾನು ಏನೂ ಹೇಳಲಿಲ್ಲ. ಅವಳ ಮುಖದ ಮೇಲೆ ಹನಿಗಳು ನಿಂತಿದ್ದವು. ಒರೆಸಿಕೊಳ್ಳಲಿಲ್ಲ.

ಇದನ್ನು ಬರೆಯುವ ಹೊತ್ತಿಗೆ ಶರಾವತಿಯಲ್ಲಿ ಇನ್ನಷ್ಟು ಬದಲಾಗಿದೆ. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ 2025ರ ಜುಲೈನಲ್ಲಿ ಓಡಾಟಕ್ಕೆ ತೆರೆಯಿತು. ತುಮರಿಯ ಕಡೆಯ ಜನ ಅರವತ್ತು ವರ್ಷ ಹಿನ್ನೀರಿನಾಚೆ ಸಿಕ್ಕಿಹಾಕಿಕೊಂಡು, ಹೊಳೆಬಾಗಿಲಿನ ಲಾಂಚ್ ಕಾದು, ಹೆರಿಗೆ ನೋವಿನವರನ್ನೂ ಅದರಲ್ಲೇ ಸಾಗಿಸಿ ಬದುಕಿದವರು. ಸಿಗಂದೂರಿಗೆ ಹೋಗುವವರಿಗೆ ಅದು ಚೆಂದದ ಸೇತುವೆ, ಅವರಿಗೆ ಅದು ಸಿಗಬೇಕಾದ್ದು ತಡವಾಗಿ ಸಿಕ್ಕಿದ್ದು. ಮುಳುಗಡೆಯವರ ಹಕ್ಕುಪತ್ರದ ವಿಷಯ ಮಾತ್ರ ಇನ್ನೂ ಮುಗಿದಿಲ್ಲ. ಮೂರನೇ ತಲೆಮಾರು ಅರ್ಜಿ ಹಿಡಿದು ನಿಂತಿದೆ.

ಅಷ್ಟರಲ್ಲಿ ಇನ್ನೊಂದು ಯೋಜನೆ. ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಪಂಪ್ ಮಾಡಿ, ಬೇಕಾದಾಗ ಮತ್ತೆ ಕೆಳಗೆ ಬಿಟ್ಟು 2000 ಮೆಗಾವ್ಯಾಟ್ ಕರೆಂಟು ತೆಗೆಯುವುದು. ಸುರಂಗ ಹೋಗುವುದು ಸಿಂಗಳೀಕಗಳ ಕಾಡಿನ ಕೆಳಗೆ. ನನ್ನ ಅಭಿಪ್ರಾಯ ಮುಚ್ಚಿಡುವುದಿಲ್ಲ. ಈ ಕಣಿವೆ ಕೊಡುವಷ್ಟು ಕೊಟ್ಟಾಗಿದೆ. ಇನ್ನು ಅದನ್ನು ಕೇಳಬಾರದು. ಸೂರ್ಯ, ಗಾಳಿಯ ಕರೆಂಟನ್ನು ಕೂಡಿಡಲು ಇಂಥದ್ದು ಬೇಕು ಅನ್ನುವವರ ವಾದ ನನಗೆ ಅರ್ಥವಾಗುತ್ತದೆ. ಆದರೆ ಪ್ರತಿ ಸಲವೂ ಇದೇ ನದಿಯೇ ಯಾಕೆ ಅನ್ನುವ ಪ್ರಶ್ನೆಗೆ ಆ ವಾದದಲ್ಲಿ ಉತ್ತರ ಇಲ್ಲ.

ಮತ್ತೆ ಆ ಮಧ್ಯಾಹ್ನಕ್ಕೆ ಬರುತ್ತೇನೆ. ಮಂಜು ಹತ್ತು ನಿಮಿಷ ತೆರೆದಿತ್ತು, ಮತ್ತೆ ಮುಚ್ಚಿಕೊಂಡಿತು. ಜನ ಚದುರಿದರು. ಅಮ್ಮ ಕದಲಲಿಲ್ಲ. ಚೀಲದಿಂದ ಫೋನ್ ತೆಗೆದು, ಕನ್ನಡಕ ಒರೆಸಿಕೊಂಡು, ಮಾವನ ನಂಬರ್ ಒತ್ತಿದಳು. ಸಿಗ್ನಲ್ ಸಿಗಲಿಲ್ಲ. ಎರಡು ಹೆಜ್ಜೆ ಆಚೆ ಹೋಗಿ ಮತ್ತೆ ಒತ್ತಿದಳು. ಮೂರನೇ ಸಲಕ್ಕೆ ಹತ್ತಿತು.

‘ಅಣ್ಣ, ಕೇಳ್ತೈತಾ?’ ಅಂತ ಕೂಗಿದಳು. ಆಮೇಲೆ ಫೋನನ್ನು ಕಟಕಟೆಯಾಚೆ, ಮಂಜಿನ ಕಡೆ ಚಾಚಿ ಹಿಡಿದಳು. ತೋಳು ನಡುಗುತ್ತಿತ್ತು. ಫೋನ್ ಒದ್ದೆಯಾಗುತ್ತೆ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಹೋಗಿ ಅವಳ ಮೊಣಕೈ ಹಿಡಿದುಕೊಂಡೆ.

ಒಂದೆರಡು ನಿಮಿಷ ಆದ ಮೇಲೆ ಫೋನನ್ನು ಕಿವಿಗೆ ತಂದಳು. ಆ ಕಡೆಯಿಂದ ಮಾವ ಏನೂ ಮಾತಾಡುತ್ತಿರಲಿಲ್ಲ. ಫೋನ್ ಇಟ್ಟಿರಲೂ ಇಲ್ಲ. ಅಮ್ಮ ನನಗೆ ಸುಮ್ನಿರು ಅಂತ ಸನ್ನೆ ಮಾಡಿ, ಮತ್ತೆ ಕೈ ಚಾಚಿದಳು.